ಬಾವಿಯ ಪಕ್ಕದ ಸುಣ್ಣದ ಗುರುತು

“ಈ ಗುರುತನ್ನ ಯಾರೋ ಸರಿಸ್ಯಾರ,” ಎಂದು ಶಿರೀಷಾ ಲ್ಯಾಪ್‌ಟಾಪಿನ ಪರದೆಯನ್ನು ತಿರುಗಿಸಿ ತೋರಿಸಿದಾಗ, ಭಾಗ್ಯಳ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಬೀಳದೆ ಅಂಗೈಯಲ್ಲೇ ಉಳಿಯಿತು. ಪಡಸಾಲೆಯಲ್ಲಿ ಉಣ್ಣುತ್ತಿದ್ದ ಮೈದುನ ಬೀರೇಶನ ಕೈ ಗಂಗಾಳದಲ್ಲೇ ನಿಂತಿತು. ಗದ್ವಾಲದಿಂದ ಡ್ರೋನ್ ತಂದು ಮಕ್ತಲ್ ಸುತ್ತಿನ ಹೊಲಗಳ ನಕ್ಷೆ ಮಾಡುತ್ತಿದ್ದ ಆ ಸರ್ವೆ ಹುಡುಗಿ ಯಾರ ಮೇಲೂ ದೂರು ಹೊತ್ತು ಬಂದವಳಲ್ಲ. ಅಳತೆ ಕೂಡದೆ ಕೇಳಿಕೊಂಡು ಬಂದಿದ್ದಳು, ಅಷ್ಟೇ.

“ಊರ ಸುತ್ತ ಆರು ಕಡೆ ನೆಲದ ಮ್ಯಾಲ ಸುಣ್ಣದ ಕತ್ತರಿ ಗುರುತು ಹಾಕಿದ್ವಿ. ಸಂಜಿಗೆ ಅವುಗಳ ಜಾಗ ಅಳದು ಬರಕೊಂಡ್ವಿ, ಬೆಳಿಗ್ಗೆ ಮ್ಯಾಲಿಂದ ಫೋಟೋ ತಗದ್ವಿ. ಐದು ಗುರುತು ನಾಲ್ಕು ಬೆರಳಿನ ಒಳಗ ಕೂಡ್ತಾವ. ನಿಮ್ಮ ಬಾವಿ ಪಕ್ಕದ್ದು ಮಾತ್ರ ಎರಡು ಮಾರು ಆಚೆ ಐತಿ. ಆವತ್ತು ಕಾವಲು ಯಾರಿದ್ರು?”

ಯಾರಿದ್ದರೆಂದು ಭಾಗ್ಯಳಿಗೆ ಗೊತ್ತಿಲ್ಲವೆ? ‘ನಮ್ಮ ಹುಡುಗ ಇರ್ತಾನ, ನೀವು ನಿಶ್ಚಿಂತಿಲೆ ಹೋಗ್ರಿ’ ಎಂದು ಆ ತಂಡದವರಿಗೆ ಮಾತು ಕೊಟ್ಟವಳೇ ಅವಳು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಬೀರೇಶನಿಗೆ ಆರು ವರ್ಷ. ಅತ್ತೆ ಮೈಲಮ್ಮ ಕುರಿಯ ಹಿಂದೆ ಹೋದರೆ ಅವನ ತಲೆಗೆ ಎಣ್ಣೆ ಹಚ್ಚಿ, ಬಾಯಿಗೆ ತುತ್ತು ಕೊಟ್ಟವಳು ಅವಳೇ. ಗಂಡ ಬಾಲಯ್ಯ ಧನ್ವಾಡದ ಹಾದಿಯಲ್ಲಿ ಲಾರಿಗೆ ಸಿಕ್ಕು ಸತ್ತ ಮೇಲೆ ಹಿರಿಯರು ಹೊಲವನ್ನು ಸಮಪಾಲು ಮಾಡಿ, ನಡುವೆ ಕಣ್ಣಳತೆಯಲ್ಲೇ ಬದು ಹಾಕಿಸಿದರು. ಬಾವಿ ಭಾಗ್ಯಳ ಕಡೆ ಬಿತ್ತು. ಅವಳ ಮೆಣಸಿನ ಗಿಡ, ನಲವತ್ತು ಕುರಿ, ಒಲೆಯ ಮೇಲಿನ ಗಡಿಗೆ ಎಲ್ಲವೂ ಆ ನೀರನ್ನೇ ನಂಬಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳುವುದು!

“ಬೀರೇಶ, ನೀ ಏನಾರ ಮಾಡಿದ್ಯಾ?”

ಅವನು ತಲೆ ಎತ್ತಲಿಲ್ಲ. “ಶಾಂತಿನಗರದವ್ರು ಹೆಣ್ಣು ಕೊಡಾಕ ಬಂದಾಗ ಬಾವಿ ಯಾರದು ಅಂತ ಕೇಳಿದ್ರು, ವೈನಿ. ನಿಂದು ಅಂದೆ. ಆಮ್ಯಾಲ ಅವ್ರು ಮಾತಾ ಆಡ್ಲಿಲ್ಲ… ಆ ಸುಣ್ಣನಾ ಗಡಿ ಅಂದ್ಕೊಂಡೆ. ಬೆಳಕು ಹರಿಯೋ ಹೊತ್ತಿಗೆ ಅಳಿಸಿ, ಬಾವಿ ದಾಟಿಸಿ ಹಾಕಿದೆ.”

“ಅದು ಗಡಿ ಅಲ್ಲಣ್ಣ,” ಎಂದಳು ಶಿರೀಷಾ, ನೊಂದ ದನಿಯಲ್ಲಿ. “ಚಿತ್ರಾನ ನೆಲಕ್ಕ ಸರಿಯಾಗಿ ಕೂಡಿಸಾಕ ಹಾಕಿದ್ದು. ಅದನ್ನ ಸರಿಸಿದ್ರ ಗಡಿ ಸರಿಯಂಗಿಲ್ಲ. ನಕ್ಷಾ ಕೆಡತೈತಿ, ಅಷ್ಟ.”

ಅಯ್ಯೋ ಹುಚ್ಚಪ್ಪಾ… ಉಂಡ ಮನೆಗೆ ಎರಡು ಬಗೆದೆ, ಅದರಿಂದ ನಿನಗೆ ಅಂಗೈಯಗಲ ನೆಲವೂ ಸಿಗಲಿಲ್ಲವಲ್ಲ! ಭಾಗ್ಯಳ ಕಣ್ಣಿಂದ ನೀರು ಬರಲಿಲ್ಲ. ಒಲೆಯ ಕಟ್ಟೆ ಹಿಡಿದು ಕೂತಳು. ಬಾವಿ ಕಸಿಯಲು ನೋಡಿದನಲ್ಲ ಎಂಬ ಸಂಕಟಕ್ಕಿಂತ, ಸುಣ್ಣ ಅಳಿಸುವಾಗ ಈ ಹುಡುಗನಿಗೆ ನನ್ನ ಮುಖ ನೆನಪಾಗಲಿಲ್ಲವೆ ಎಂಬುದೇ ಅವಳನ್ನು ಸುಡುತ್ತಿತ್ತು.

ಮೈಲಮ್ಮ ಒಳಗಿನಿಂದ ಬಂದು ಸೊಸೆಯ ಭುಜ ಅದುಮಿದಳು. “ಕುರಿ ತುಳದಾವ ಅಂತ ಬರಸವ್ವ ಭಾಗ್ಯ. ಮನಿ ಮರ್ಯಾದಿ ಐತಿ.”

“ಕುರಿ ತುಳದ್ರ ಸುಣ್ಣ ಚೆಲ್ಲಾಪಿಲ್ಲಿ ಆಗತೈತಿ ಅತ್ತಿ. ಎರಡು ಮಾರು ಆಚೆ ಹೋಗಿ ಮತ್ತ ಕತ್ತರಿ ಆಗಿ ಕುಂದ್ರಂಗಿಲ್ಲ.” ಭಾಗ್ಯ ಶಿರೀಷಾಳ ಕಡೆ ತಿರುಗಿದಳು. “ಮೇಡಂ, ಸರಿಸಿದ್ದು ಯಾರು ಅನ್ನೋದು ನಮ್ಮ ಮನಿ ಮಾತು, ಬರೀಬ್ಯಾಡ್ರಿ. ಗುರುತು ಹೊಸದಾಗಿ ಹಾಕಿ ಇನ್ನೊಂದು ಸಲ ಹಾರಿಸ್ರಿ. ಈ ಸಲ ಕಾವಲು ನಾನಾ ಇರ್ತೀನಿ.”

ಹಾಗೆಯೇ ಇದ್ದಳು. ಬೀರೇಶ ಬುತ್ತಿ ತಂದರೆ ದೂರದಿಂದಲೇ ಕೈ ಮಾಡಿ ಕಳಿಸಿದಳು. ಮರುದಿನ ಬಿಸಿಲೇರುವ ಮೊದಲು ಡ್ರೋನ್ ಗುಂಯ್ಗುಡುತ್ತ ನೆತ್ತಿಯ ಮೇಲೆ ನಾಲ್ಕು ಸುತ್ತು ಬಂದು ಹೋಗುವವರೆಗೂ ಆ ಗುರುತಿನಿಂದ ಕಣ್ಣು ಕೀಳಲಿಲ್ಲ.

ಹದಿನೈದು ದಿನಕ್ಕೆ ಪಂಚಾಯಿತಿ ಕಟ್ಟೆಯ ಮೇಲೆ ನಕ್ಷೆ ಹರಡಿದರು. ಆರೂ ಗುರುತು ಕೂಡಿದ್ದವು. ಪಾಲುಪತ್ರದ ಅಳತೆಯನ್ನು ಅದರ ಮೇಲೆ ಇಟ್ಟು ನೋಡಿದಾಗ ಶಿರೀಷಾಳ ಬೆರಳು ತಡೆಯಿತು. ಹಿರಿಯರ ಕಣ್ಣಳತೆ ತಪ್ಪಿತ್ತು. ಬದು ಮೂರು ಮಾರು ಬೀರೇಶನ ನೆಲದೊಳಗೆ ಸರಿದಿತ್ತು. ಸಮಪಾಲಿನ ನಿಜವಾದ ಗೆರೆ ಬಾವಿಯನ್ನು ಅವನ ಕಡೆಗೇ ಬಿಟ್ಟು ಹಾದುಹೋಗಿತ್ತು.

“ತಕರಾರು ಇದ್ರ ಬರದು ಕೊಡ್ರಿ, ಭಾಗ್ಯಮ್ಮ. ಮೂವತ್ತು ದಿನ ಟೈಮ್ ಐತಿ,” ಎಂದಳು ಶಿರೀಷಾ ಮೆಲ್ಲಗೆ.

ಬೀರೇಶ ಎಲ್ಲರೆದುರೇ ಅತ್ತಿಗೆಯ ಕಾಲು ಹಿಡಿದ. “ಬಾವಿ ನಿಂದಾ ಇರ್ಲಿ ವೈನಿ. ಈಗಿಂದೀಗ ಬರದು ಕೊಡ್ತೀನಿ…”

“ಬ್ಯಾಡ. ನಕ್ಷಾ ಸರಿ ಐತಿ, ನಾನಾ ಕಾವಲು ಕುಂತಿದ್ದೆ.” ಭಾಗ್ಯ ಬಗ್ಗಿ ಅವನ ಕೈ ಬಿಡಿಸಿದಳು. “ಬಾಯಿ ಬಿಟ್ಟು ಒಂದು ಮಾತು ಕೇಳಿದ್ದಿದ್ರ, ನಿನ್ನ ಮದಿವಿಗೆ ಉಡುಗೊರೆ ಅಂತ ಕೊಡ್ತಿದ್ದೆ.” ತಕರಾರಿಲ್ಲವೆಂಬ ಕಾಗದಕ್ಕೆ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದು ಮನೆಗೆ ನಡೆದಳು.

ಮಾರನೆಯ ಬೆಳಗ್ಗೆ ಅವಳು ಕೊಡ ಹೊತ್ತು ಬಂದಾಗ ಬೀರೇಶ ಬಾವಿಯ ಕಟ್ಟೆಯ ಮೇಲಿದ್ದ. ರಾತ್ರಿಯೆಲ್ಲ ಅತ್ತು ಅವನ ಮುಖ ಊದಿಕೊಂಡಿತ್ತು. ಭಾಗ್ಯ ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು.

“ಎರಡು ಕೊಡ ನೀರು ಸೇದ್ಕೊಳ್ಳಲೇನಪ್ಪ?”

“ಏನಿದು ವೈನಿ, ನನ್ನ ಕೇಳೋದ್ಯಾಕ…” ಎಂದು ಅವನು ಬಿಕ್ಕಳಿಸುತ್ತ ಹಗ್ಗವನ್ನು ಅವಳ ಕೈಗಿಟ್ಟ.

ಅವಳು ಎರಡು ಕೊಡ ಸೇದಿ ತುಂಬಿಸಿದಳು. ಕುರಿಗಳಿಗೆಂದು ಮೂರನೆಯದು ಬೇಕಾಗಿತ್ತು. ಹಗ್ಗ ಕೆಳಗಿಟ್ಟು ಮತ್ತೆ ಅವನ ಅಪ್ಪಣೆ ಕೇಳಿದಳು.