ಕಿಟಕಿಯಾಚೆಯ ಕೆಂಪು ಚುಕ್ಕೆ

"ಕಲ್ಲುಗೋಡೆ ತುದೀಲಿ ನಿಂತಿರೋ ಹಸಿರು ಅಂಗಿಯವರೇ... ವಾಪಸ್ ಬನ್ನಿ."

ಬಂದರಿನ ಕಂಬಗಳ ಮೇಲಿದ್ದ ಧ್ವನಿವರ್ಧಕಗಳೆಲ್ಲ ಒಟ್ಟಿಗೆ ಮಾತಾಡಿದವು. ಹಸಿರು ಅಂಗಿ ಮಾತ್ರ ಅಲುಗಲಿಲ್ಲ. ಅವನು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಅದರೊಳಗೇ ಮುಖ ಹುದುಗಿಸಿ ನಿಂತಿದ್ದ. ಪಕ್ಕದಿಂದ ಅಲೆಯೊಂದು ಬೆನ್ನುಬ್ಬಿಸಿಕೊಂಡು ಬರುತ್ತಿತ್ತು.

"ನಿಮಗೇ ಹೇಳ್ತಿರೋದು. ಇನ್ನೂ ಅಲ್ಲೇ ನಿಂತ್ರೆ ನಾಳೆ ಪೇಪರಲ್ಲಿ ನಿಮ್ಮ ಫೋಟೋ ಬರುತ್ತೆ. ತೆಗೆದವರು ಮಾತ್ರ ನೀವಾಗಿರಲ್ಲ."

ಬಲೆ ಸರಿಪಡಿಸುತ್ತಿದ್ದವರೆಲ್ಲ ಘೊಳ್ಳೆಂದು ನಕ್ಕರು. ಆ ನಗು ಕೇಳಿಯೇ ಅವನು ತಲೆಯೆತ್ತಿದ. ಅಲೆ ಬಂತು. ಕ್ಯಾಮೆರಾವನ್ನು ಎದೆಗವಚಿಕೊಂಡು ಓಡಿದವನ ಸೊಂಟದವರೆಗೂ ನೀರು ಹೊಡೆದುಹೋಯಿತು.

ಸ್ವಲ್ಪ ಹೊತ್ತಿಗೆ ರೇಡಿಯೋ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಅವನ ಬೂಟಿನಿಂದ ನೀರು ಸುರಿಯುತ್ತಿತ್ತು.

"ಯಾರ್ರೀ ಮೈಕಲ್ಲಿ ಮಾತಾಡಿದ್ದು? ಬೆಳಿಗ್ಗೆಯಿಂದ ಒಂದು ಹಕ್ಕಿಗೋಸ್ಕರ ಕಾಯ್ತಿದ್ದೆ. ನಿಮ್ಮ ಕೂಗಿಗೆ ಅದು ಹಾರಿಹೋಯ್ತು."

ಮೇಜಿನ ಹಿಂದೆ ಕೂತಿದ್ದ ಹುಡುಗಿ ತಲೆಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಒಂದು ಕಿವಿಯಿಂದ ಮಾತ್ರ ಸರಿಸಿದಳು.

"ಹಕ್ಕಿ ನಾಳೆನೂ ಬರುತ್ತೆ. ನೀವು?"

ಅವನು ಕಿಟಕಿಯಾಚೆ ನೋಡಿದ. ಅವನು ನಿಂತಿದ್ದ ಜಾಗದ ಮೇಲೆ ಈಗ ಬರೀ ಬಿಳಿ ನೊರೆ.

"...ಥ್ಯಾಂಕ್ಸ್," ಎಂದ, ತೀರಾ ಸಣ್ಣಗೆ.

'ಇಷ್ಟು ಬೇಗ ಸೋಲೊಪ್ಪಿಕೊಳ್ಳೋ ಗಂಡಸೂ ಇರ್ತಾನಾ?' ಎಂದುಕೊಂಡಳು ಅವಳು. ಮೂಲೆಯಲ್ಲಿದ್ದ ಟವೆಲ್ ಎಸೆದಳು.

ಅವಳ ಕೆಲಸ ದೋಣಿಗಳ ಜೊತೆ ಮಾತಾಡುವುದು. ಬೆಳಿಗ್ಗೆ ಗಾಳಿ, ಅಲೆಗಳ ಸುದ್ದಿ ಹೇಳುವುದು. ಸಂಜೆ ಕತ್ತಲಾಗುವ ಮುಂಚೆ ಒಂದೊಂದೇ ದೋಣಿಯನ್ನು ರೇಡಿಯೋದಲ್ಲಿ ಕರೆದು, ಎಲ್ಲರೂ ಕ್ಷೇಮವೇ ಎಂದು ಕೇಳುವುದು. ಹೀಗೆ ದಿನವೂ ಹಾಜರಿ ತೆಗೆದುಕೊಳ್ಳುತ್ತಿದ್ದರಿಂದ ದೋಣಿಯವರೆಲ್ಲ ಅವಳನ್ನು 'ಟೀಚರ್' ಎಂದೇ ಕರೆಯುತ್ತಿದ್ದರು. ಸ್ವಂತ ಅಪ್ಪನೂ ಸಮುದ್ರದ ನಡುವಿನಿಂದ, "ಬಂದಿದ್ದೀನಿ ಟೀಚರ್," ಎಂದೇ ಹೇಳುತ್ತಿದ್ದ.

ಅವನ ಕೆಲಸ ಊರೂರು ತಿರುಗಿ ಫೋಟೋ ತೆಗೆಯುವುದು. ಆ ಕರಾವಳಿಯ ಉದ್ದಕ್ಕೂ ಚಿತ್ರಗಳನ್ನು ತೆಗೆದು ನಗರದಲ್ಲಿ ಪ್ರದರ್ಶನ ಮಾಡುವುದು ಅವನ ಆಸೆ. ವಾರವಿದ್ದು ಹೋಗಲು ಬಂದವನು ಕ್ಷೌರದಂಗಡಿಯ ಮೇಲಿನ ಕೋಣೆ ಹಿಡಿದು ತಿಂಗಳಾದರೂ ಹೋಗಲಿಲ್ಲ.

ಕಾರಣ ಅವಳೇ.

ಸಂಜೆಯಾದರೆ ರೇಡಿಯೋ ಕೋಣೆಗೆ ಬರುತ್ತಿದ್ದ. ಹಾಜರಿ ಮುಗಿಯುವವರೆಗೂ ಬಾಗಿಲ ಬಳಿಯ ಸ್ಟೂಲಿನ ಮೇಲೆ ಸದ್ದಿಲ್ಲದೆ ಕೂತಿರುತ್ತಿದ್ದ. ಆಮೇಲೆ ಕ್ಯಾಮೆರಾ ತಿರುಗಿಸಿ ಅವಳಿಗೆ ತೋರಿಸುತ್ತಿದ್ದ.

"ಇದು ನೋಡಿ. ನೀಲಿ ಬಾಗಿಲು, ಅರ್ಧ ಮರಳಲ್ಲಿ ಹೂತುಹೋಗಿದೆ. ಒಳ್ಳೆ ಚಿತ್ರ, ಅಲ್ವಾ?"

"ಚಿತ್ರ ಚೆನ್ನಾಗಿದೆ. ಮನೆಯವರನ್ನ ಮಾತಾಡಿಸಿದ್ರಾ?"

"ಅಲ್ಲಿ ಯಾರೂ ಇರೋ ಹಾಗಿಲ್ಲ..."

"ಇದ್ದಾರೆ. ಮೇಲಿನ ಕಿಟಕೀನೇ ಈಗ ಅವರ ಬಾಗಿಲು. ಏಣಿ ಹಾಕ್ಕೊಂಡು ಹತ್ತಿ ಇಳೀತಾರೆ. ಆ ಮನೆಗೆ ಬಂದ ಸೊಸೆ ಮೊದಲ ದಿನ ಕಿಟಕಿಯಿಂದ ಒಳಗೆ ಹೋದ್ಲು. 'ಕಳ್ಳಿ ಥರ ಬಂದೆ, ಈಗ ಇಡೀ ಮನೆ ನಂದೇ' ಅಂತ ಇವತ್ತಿಗೂ ಹೇಳ್ತಾಳೆ."

ಅವನು ಜೋರಾಗಿ ನಕ್ಕ. ಮರುದಿನ ಮತ್ತೆ ಹೋಗಿ, ಏಣಿಯ ಮೇಲೆ ಬುಟ್ಟಿ ಹಿಡಿದು ನಿಂತ ಆ ಸೊಸೆಯ ಚಿತ್ರ ತೆಗೆದುಕೊಂಡು ಬಂದ. ಹಿಂದಿನ ದಿನದ ಚಿತ್ರಕ್ಕಿಂತ ಅದು ನೂರು ಪಾಲು ಚೆನ್ನಾಗಿತ್ತು.

ಹೀಗೆ ಅವನು ಚಿತ್ರ ತರುವುದು, ಅವಳು ಅದರ ಹಿಂದಿನ ಕಥೆ ಹೇಳುವುದು ನಡೆಯಿತು. ಕೆಲವೊಮ್ಮೆ ಕಥೆ ಮುಗಿದರೂ ಅವನು ಏಳುತ್ತಿರಲಿಲ್ಲ. ಅವಳಿಗೂ ಏಳಿ ಎನ್ನಬೇಕೆಂದು ಅನಿಸುತ್ತಿರಲಿಲ್ಲ.

'ಇವರು ಹೋಗೋವಾಗ ನಂಗೆ ಬೇಜಾರಾಗುತ್ತಾ? ಛೆ... ಬರೋವಾಗ ಎಷ್ಟು ಸದ್ದು ಮಾಡ್ಕೊಂಡು ಬಂದ್ರು, ಹೋಗೋವಾಗ ಹಾಗೇ ಹೋಗಿಬಿಡ್ತಾರೆ ಬಿಡು.' ತನಗೆ ತಾನೇ ಸಮಾಧಾನ ಹೇಳಿಕೊಂಡು, ಮರುಕ್ಷಣ ಮೆಟ್ಟಿಲ ಮೇಲಿನ ಬೂಟಿನ ಸದ್ದಿಗೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

ಒಂದು ಸಂಜೆ ಹೇಳದೆ ಕೇಳದೆ ಬಿರುಗಾಳಿ ಎದ್ದಿತು.

ದೋಣಿಗಳು ಒಂದರ ಹಿಂದೊಂದು ದಡ ಸೇರುತ್ತಿದ್ದವು. ಅವಳು ಹಾಜರಿ ತೆಗೆದುಕೊಳ್ಳುತ್ತಿದ್ದಳು. ಅವನು ಎಂದಿನಂತೆ ಬಾಗಿಲ ಬಳಿಯ ಸ್ಟೂಲಿನ ಮೇಲಿದ್ದ. ಎಲ್ಲರೂ ಉತ್ತರ ಕೊಟ್ಟರು. ಅಪ್ಪನ ದೋಣಿ ಮಾತ್ರ ಕೊಡಲಿಲ್ಲ.

ಮತ್ತೆ ಕರೆದಳು. ಬರೀ ಕರಕರ ಸದ್ದು.

ಇನ್ನೂ ದಾರಿಯಲ್ಲಿದ್ದ ದೋಣಿಗಳೆಲ್ಲ ಅದೇ ರೇಡಿಯೋ ಕೇಳುತ್ತಿದ್ದವು. ಅವಳ ದನಿ ನಡುಗಿದರೆ ಅವರ ಕೈಯೂ ನಡುಗುತ್ತದೆ. ಅದು ಅವಳಿಗೆ ಗೊತ್ತಿತ್ತು. "ಗಾಳಿ ಪಡುವಣದಿಂದ ಬರ್ತಿದೆ. ದೀಪದ ಕಂಬ ಬಲಗಡೆ ಇಟ್ಕೊಂಡು ನಿಧಾನಕ್ಕೆ ಬನ್ನಿ," ಎಂದು ಒಂದೇ ಸಮನಾದ ದನಿಯಲ್ಲಿ ಹೇಳಿದಳು. ಮೈಕಿನ ಗುಂಡಿ ಆರಿಸಿದಳು. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು.

'ಅಪ್ಪಾ... ಒಂದೇ ಒಂದು ಸಲ ಮಾತಾಡಪ್ಪ...'

ಹಿಂದೆ ಕ್ಲಿಕ್ ಎಂದು ಸದ್ದಾಯಿತು.

ತಿರುಗಿ ನೋಡಿದಳು. ಮೊಳದುದ್ದದ ಲೆನ್ಸ್ ನೇರ ಅವಳತ್ತಲೇ ಇತ್ತು. ಅದರ ಹಿಂದೆ ಅವನ ಮುಖವೂ ಕಾಣುತ್ತಿರಲಿಲ್ಲ. ಅವನು ಕ್ಯಾಮೆರಾ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿಯೇ ಹೋದ.

ಅವಳ ಅಳು ಅಲ್ಲೇ ನಿಂತಿತು. ಮತ್ತೆ ಗುಂಡಿ ಒತ್ತಿ ಉಳಿದ ದೋಣಿಗಳಿಗೆ ದಾರಿ ಹೇಳತೊಡಗಿದಳು.

ಬೆಳಕು ಪೂರ್ತಿ ಆರುವ ಮುಂಚೆಯೇ ಅವಳ ಸೋದರಮಾವ ಬಂದರಿನ ರಕ್ಷಣಾ ದೋಣಿಯಲ್ಲಿ ಅಪ್ಪನ ದೋಣಿಯನ್ನು ಎಳೆದುಕೊಂಡು ಬಂದ. ಇಂಜಿನ್ ಕೆಟ್ಟಿತ್ತು, ರೇಡಿಯೋದ ಬ್ಯಾಟರಿಗೆ ನೀರು ನುಗ್ಗಿತ್ತು. ಅಪ್ಪ ಚಳಿಗೆ ಗದಗದ ನಡುಗುತ್ತಿದ್ದ, ಆದರೆ ಬದುಕಿದ್ದ.

ಅವಳು ದೋಣಿ ನಿಲ್ಲುವ ಕಟ್ಟೆಗೆ ಓಡಿಬಂದು ಅಪ್ಪನನ್ನು ತಬ್ಬಿಕೊಂಡಳು. "ಹಾಜರಿ ಹಾಕ್ಕೊಳ್ಳಮ್ಮಾ," ಎಂದ ಅಪ್ಪ, ಹಲ್ಲು ಕಟಕಟಿಸುತ್ತಲೇ. ಹೋದ ಜೀವ ಬಂದಂತಾಗಿ ಅವಳು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಅಮ್ಮ ಕಂಬಳಿ ಹೊದಿಸಿ ಅಪ್ಪನನ್ನು ಕರೆದುಕೊಂಡು ಹೋದಳು.

ಆಗ ಅವನು ಕಂಡ. ಜನರ ಹಿಂದೆ ನಿಂತಿದ್ದ. ಕೊರಳಲ್ಲಿ ಅದೇ ಕ್ಯಾಮೆರಾ.

ಅವಳು ನೇರ ಹೋಗಿ ಎದುರು ನಿಂತಳು.

"ಚೆನ್ನಾಗಿ ಬಂದಿದೆಯಾ?"

"ಏನು?"

"ನನ್ನ ಅಳು. ನಮ್ಮಪ್ಪ ಇದ್ದಾರೋ ಇಲ್ವೋ ಅಂತ ನಾನು ಸಾಯ್ತಿದ್ರೆ ನಿಮಗೆ ಒಳ್ಳೆ ಚಿತ್ರ ಸಿಕ್ತು, ಅಲ್ವಾ? ನಮ್ಮ ಜನರ ಕಥೆನೆಲ್ಲ ನಿಮ್ಮ ಕೈಲಿಟ್ಟೆ. ಅದೂ ಸಾಲಲಿಲ್ವಾ ನಿಮಗೆ?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಸುಮ್ಮನಾದ.

"ಇನ್ಮೇಲೆ ಆ ಮೆಟ್ಟಿಲು ಹತ್ತಬೇಡಿ."

ಅವನು ಹತ್ತಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹೊರಟುಹೋದ.

ಮಳೆ ಬಂತು, ಹೋಯಿತು. ಅವಳು ದಿನವೂ ದೋಣಿಗಳನ್ನು ಕರೆದಳು, ಅವು ಉತ್ತರಿಸಿದವು. ಸ್ಟೂಲನ್ನು ಮೂಲೆಗೆ ತಳ್ಳಿದಳು. ಅಲ್ಲಿಯೂ ಅದು ಕಣ್ಣಿಗೆ ಬೀಳುತ್ತಿತ್ತು.

'ನಂಗ್ಯಾಕೆ ನೆನಪಾಗ್ಬೇಕು ಅವರು? ಮೋಸ ಮಾಡಿದೋರು...' ಎಂದು ಹಲ್ಲು ಕಚ್ಚುತ್ತಿದ್ದಳು. ಆದರೆ ದಾರಿಯಲ್ಲಿ ಏನಾದರೂ ಚೆಂದದ್ದು ಕಂಡರೆ, ಇದನ್ನು ಅವರಿಗೆ ತೋರಿಸಬೇಕಿತ್ತು ಎಂದು ಮನಸ್ಸು ಅವಳನ್ನು ಕೇಳದೆಯೇ ಹೇಳಿಬಿಡುತ್ತಿತ್ತು.

ಬಿರುಗಾಳಿಯ ಮರುದಿನವೇ ರಕ್ಷಣಾ ದೋಣಿಯನ್ನು ರಿಪೇರಿಗೆಂದು ದೂರದ ಬಂದರಿಗೆ ಒಯ್ದಿದ್ದ ಮಾವ ಮಳೆ ನಿಂತ ಮೇಲೆ ತಿರುಗಿ ಬಂದ. ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಕೂತಾಗ ಆ ದಿನದ ಮಾತು ಬಂತು.

"ಆ ಕ್ಯಾಮೆರಾದವನು ಇಲ್ದಿದ್ರೆ ಭಾವನ್ನ ನಾನು ತೆಂಕಣದ ಕಡೆ ಹುಡುಕ್ತಾ ಇರ್ತಿದ್ದೆ. ಭಾವ ಇದ್ದಿದ್ದು ಬಡಗಣಕ್ಕೆ," ಎಂದ ಮಾವ.

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಯಾರಿಲ್ದಿದ್ರೆ?"

"ಅದೇ, ನಿನ್ನ ಕೋಣೇಲಿ ಬಂದು ಕೂತ್ಕೊಳ್ತಿದ್ನಲ್ಲ, ಅವನು. ನಿನ್ನ ಕಿಟಕಿಯಿಂದಾನೇ ನೋಡಿದ್ದಂತೆ. ಬರಿಗಣ್ಣಿಗೆ ಏನೂ ಕಾಣ್ತಿರಲಿಲ್ಲ. ಅವನ ಉದ್ದದ ಲೆನ್ಸಿಗೆ ಒಂದು ಕೆಂಪು ಚುಕ್ಕೆ ಸಿಕ್ಕಿತ್ತು. ಫೋಟೋ ತೆಗೆದು, ದೊಡ್ಡದು ಮಾಡಿ, ಓಡಿಬಂದು ನಂಗೆ ತೋರಿಸ್ದ. ನಿಮ್ಮಪ್ಪ ಕೆಂಪು ಡೀಸೆಲ್ ಕ್ಯಾನನ್ನ ಕೋಲಿಗೆ ಕಟ್ಟಿ ಎತ್ತಿ ಹಿಡಿದಿದ್ದ, ಅದು. ಯಾಕೆ, ನಿಂಗೊತ್ತಿಲ್ವಾ? ಕಿಟಕಿ ನಿಂದೇ ಅಲ್ವೇನೇ?"

ಅವಳು ಲೋಟ ಕೆಳಗಿಟ್ಟಳು.

ಲೆನ್ಸ್ ಅವಳತ್ತ ಇರಲಿಲ್ಲ. ಅವಳ ತಲೆಯ ಮೇಲಿಂದ ಕಿಟಕಿಯಾಚೆಗಿತ್ತು. ಅವನು ಹುಡುಕುತ್ತಿದ್ದುದು ಅವಳ ಅಪ್ಪನನ್ನು.

'ಏನೇನೆಲ್ಲ ಅಂದುಬಿಟ್ಟೆ ನಾನು...'

"ಅವರ ಪ್ರದರ್ಶನ ನಗರದಲ್ಲಿ ನಡೀತಿದೆಯಂತೆ," ಎಂದಳು ಅಮ್ಮ ಮೆಲ್ಲಗೆ. ಅಮ್ಮಂದಿರಿಗೆ ಇಂಥ ಸುದ್ದಿ ಎಲ್ಲಿಂದ ಬರುತ್ತದೋ. "ಭಾನುವಾರ ಕೊನೆ ದಿನ. ಹೋಗಿ ಬಾ."

"ನಾನೂ ಬರ್ತೀನಿ," ಅಪ್ಪ ಎದ್ದು ನಿಂತ. "ಉಳಿದಿರೋದು ನನ್ನ ಜೀವ. ಥ್ಯಾಂಕ್ಸ್ ನಾನು ಹೇಳ್ಬೇಕು."

"ಮೊದಲು ನಾನು ಮಾತಾಡ್ತೀನಪ್ಪ."

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಕಣ್ಣಲ್ಲೇ ಸುಮ್ಮನಿರಿ ಎಂದಳು.

ಭಾನುವಾರ ರೇಡಿಯೋ ನೋಡಿಕೊಳ್ಳಲು ಮಾವನನ್ನು ಕೂರಿಸಿ ಮೂವರೂ ಬಸ್ಸು ಹತ್ತಿದರು. "ಬೈಬೇಡ ಮಾವ, ಎಲ್ಲರೂ ಕೇಳಿಸ್ಕೊಳ್ತಾರೆ," ಎಂದು ಅವಳು ಹೇಳಿಯೇ ಹೊರಟಿದ್ದಳು.

ಪ್ರದರ್ಶನದ ಹಾಲ್ ತಣ್ಣಗಿತ್ತು. ಬಿಳಿ ಗೋಡೆಗಳ ಮೇಲೆ ಅವಳ ಊರು ತೂಗುತ್ತಿತ್ತು. ಅವಳು ಬಾಗಿಲಲ್ಲೇ ತಡೆದು ನಿಂತಳು. ಎಲ್ಲಾದರೂ ತನ್ನ ಅಳುವ ಮುಖ... ಇಲ್ಲ ಎಂದು ಗೊತ್ತಿದ್ದರೂ ಹೆದರಿಕೆ. ಒಂದೊಂದೇ ಗೋಡೆ ನೋಡಿದಳು. ಎಲ್ಲೂ ಇರಲಿಲ್ಲ. ಚಿತ್ರಗಳ ಕೆಳಗೆ ಒಂದು ಸಾಲು ಬರಹವೂ ಇರಲಿಲ್ಲ.

ಸಮುದ್ರದ ಕಡೆ ಮುಖ ಮಾಡಿದ ಕ್ಷೌರದ ಕುರ್ಚಿಯ ಚಿತ್ರದ ಮುಂದೆ ಗಂಡ ಹೆಂಡತಿ ಇಬ್ಬರು ನಿಂತಿದ್ದರು.

"ಅಂಗಡಿ ಮುಚ್ಚಿ ಕುರ್ಚಿ ಬಿಸಾಕಿದ್ದಾರೆ, ಪಾಪ," ಎಂದ ಗಂಡ.

ಅವಳಿಗೆ ತಡೆಯಲಾಗಲಿಲ್ಲ.

"ಬಿಸಾಕಿಲ್ಲ. ಅಂಗಡಿಯವರೇ ಹೊರಗಿಟ್ಟಿದ್ದು. ಅವರದು ಕೆಲಸ ಸ್ವಲ್ಪ ನಿಧಾನ. ಗಿರಾಕಿಗಳು ಕನ್ನಡೀಲಿ ತಮ್ಮ ಮುಖ ನೋಡಿ ನೋಡಿ ಸಾಕಾಗಿ ಎದ್ದು ಹೋಗ್ತಿದ್ರು. ಈಗ ಸಮುದ್ರ ನೋಡ್ತಾ ನಿದ್ದೆ ಹೋಗ್ತಾರೆ. ಅವರು ಒಂದು ಕಡೆ ಮೀಸೆ ಜಾಸ್ತಿ ತೆಗೆದ್ರೂ ಮನೆಗೆ ಹೋಗೋವರೆಗೂ ಗೊತ್ತಾಗಲ್ಲ."

ಗಂಡ ಹೆಂಡತಿ ನಕ್ಕರು. "ಇದು?" ಎಂದು ಪಕ್ಕದ ಚಿತ್ರ ತೋರಿಸಿದರು. ಅದರ ಕಥೆಯನ್ನೂ ಹೇಳಿದಳು. ಜನ ಸೇರತೊಡಗಿದರು. ರೇಡಿಯೋದಲ್ಲಿ ಪಳಗಿದ ದನಿ. ಹಾಲ್‌ನ ಕೊನೆಯವರೆಗೂ ಹೋಗುತ್ತಿತ್ತು.

ಒಳಗಿನ ಕೋಣೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ ಅವನಿಗೂ ಅದು ಕೇಳಿಸಿತು. ಕೈಯಲ್ಲಿದ್ದ ಹಗ್ಗ ಬಿಟ್ಟು ಹೊರಗೆ ಬಂದ. ಜನರ ಹಿಂದೆ ನಿಂತ.

ಕೊನೆಯ ಗೋಡೆಯ ಮೇಲೆ ಒಂದೇ ಚಿತ್ರವಿತ್ತು. ಬೂದು ಬಣ್ಣದ ಸಮುದ್ರ. ಅಂಚಿನಲ್ಲಿ ಮಸುಕಾದ ಕಿಟಕಿಯ ಚೌಕಟ್ಟು. ತುಂಬ ದೂರದಲ್ಲಿ, ಸಾಸಿವೆಯಷ್ಟು ಕೆಂಪು.

"ಇದರಲ್ಲೇನೂ ಇಲ್ವಲ್ಲ?" ಎಂದರು ಯಾರೋ.

"ಇದೆ," ಎಂದಳು. ದನಿ ಮೊದಲ ಬಾರಿಗೆ ನಡುಗಿತು. "ಇದರಲ್ಲಿ ನಮ್ಮಪ್ಪ ಇದ್ದಾರೆ."

ಅವಳು ತಿರುಗಿದಾಗ ಅವನು ಕಂಡ.

ಜನ ಒಬ್ಬೊಬ್ಬರಾಗಿ ಸರಿದರು. ಅಪ್ಪ ಮುಂದೆ ಬರಲು ಹೊರಟ, ಅಮ್ಮ ತೋಳು ಹಿಡಿದು ಇನ್ನೊಂದು ಗೋಡೆಯ ಕಡೆ ಕರೆದುಕೊಂಡು ಹೋದಳು.

"ಯಾಕೆ ಹೇಳಲಿಲ್ಲ?" ಅವಳೇ ಕೇಳಿದಳು. "ಕೋಣೇಲೇ ಹೇಳಬಹುದಿತ್ತಲ್ಲ."

"ನಂಗೇ ಖಾತ್ರಿ ಇರಲಿಲ್ಲ. ಒಂದು ಚುಕ್ಕೆ ಅಷ್ಟೇ. ಆಸೆ ಹುಟ್ಟಿಸಿ, ಆಮೇಲೆ ಅದು ಯಾವುದೋ ಮರದ ತುಂಡಾಗಿದ್ರೆ... ನಿಮ್ಮ ಮುಖ ನೋಡೋಕೆ ನನ್ನಿಂದ ಆಗ್ತಿರಲಿಲ್ಲ."

"ಸರಿ. ಆಮೇಲೆ? ಕಟ್ಟೆ ಮೇಲೆ ನಾನು ಅಷ್ಟೆಲ್ಲ ಅಂದಾಗ?"

ಅವನು ಆ ಕೆಂಪು ಚುಕ್ಕೆಯತ್ತ ತಿರುಗಿದ.

"ಅವತ್ತು ಸಂಜೆ ನಾನು ಬೇರೇನೋ ಹೇಳ್ಬೇಕು ಅಂತ ಬಂದಿದ್ದೆ. ನಿಮ್ಮನ್ನ ಬಿಟ್ಟು ಈ ಊರಿಂದ ಹೋಗೋಕಾಗಲ್ಲ ಅಂತ. ಅಷ್ಟರಲ್ಲಿ ಗಾಳಿ ಎದ್ತು. ನಿಮ್ಮಪ್ಪನ್ನ ನೋಡಿದ್ದು ನಾನೇ ಅಂತ ಹೇಳಿ, ಆಮೇಲೆ ಅದನ್ನೂ ಹೇಳಿದ್ರೆ... ನೀವು ಹೂಂ ಅಂದ್ರೂ ಅದು ಪ್ರೀತಿನೋ ಋಣನೋ ಅಂತ ನಂಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ."

ಅವಳ ಕಣ್ಣು ತುಂಬಿ ಬಂತು.

"ನಂಗೆ ಮಾವ ಹೇಳಿದ್ದು ಮೊನ್ನೆ," ಎಂದಳು. "ಅಲ್ಲೀವರೆಗೂ ನಿಮ್ಮ ಮೇಲೆ ಕೆಂಡದಂಥ ಕೋಪ ಇತ್ತು. ದಿನಾ ಬೈಕೊಳ್ತಿದ್ದೆ. ಬೈಕೊಳ್ತಾನೇ ನಿಮ್ಮ ದಾರಿ ಕಾಯ್ತಿದ್ದೆ. ಅದು ಋಣ ಆಗೋಕೆ ಸಾಧ್ಯನಾ, ನೀವೇ ಹೇಳಿ."

ಅವನು ಕಣ್ಣೊರೆಸಿಕೊಂಡು ನಕ್ಕ.

"ನಾನಂದಿದ್ದು ತಪ್ಪು," ಎಂದಳು.

"ನಾನು ಸುಮ್ಮನಿದ್ದಿದ್ದೂ ತಪ್ಪೇ."

"ಮಾತು ಮುಗೀತಾ?" ಅಪ್ಪನ ದನಿ. ಅಮ್ಮನ ಹಿಡಿತದಿಂದ ತಪ್ಪಿಸಿಕೊಂಡು ಬಂದಿದ್ದ. "ಈಗಲಾದ್ರೂ ನಾನು ಥ್ಯಾಂಕ್ಸ್ ಹೇಳಬಹುದಾ?"

ಹೇಳಲಿಲ್ಲ. ಬರೀ ಅವನನ್ನು ಎಳೆದು ತಬ್ಬಿಕೊಂಡ.

ಸಂಜೆ ಬಸ್ ನಿಲ್ದಾಣದವರೆಗೂ ಬಿಟ್ಟುಬರಲು ಅವನು ಜೊತೆಗೆ ಬಂದ. ಅಪ್ಪ ಅಮ್ಮ ಮುಂದಿನ ಸೀಟು ಹಿಡಿದು ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಅವಳು ಕಿಟಕಿ ಪಕ್ಕ ಕೂತಳು. ಬಸ್ಸು ಗುರುಗುಟ್ಟಿತು.

ಕೆಳಗೆ ನಿಂತಿದ್ದ ಅವನು ಇದ್ದಕ್ಕಿದ್ದಂತೆ ಹತ್ತಿ ಬಂದ.

"ಚಿತ್ರಗಳು? ಸಾಮಾನು?" ಅವಳು ಗಾಬರಿಯಾದಳು.

"ಪ್ರದರ್ಶನದ ಕಡೆಯವರು ಜೋಪಾನ ಮಾಡ್ತಾರೆ. ಬುಧವಾರ ಬಂದು ತಗೊಳ್ತೀನಿ."

"ಇನ್ನೂ ಏನಾದ್ರೂ ಫೋಟೋ ಬಾಕಿ ಇದೆಯಾ ನಮ್ಮೂರಲ್ಲಿ?"

"ಇಲ್ಲ. ಈ ಸಲ ಸುಮ್ಮನೆ ಬರ್ತಿದ್ದೀನಿ... ನಿಮ್ಮ ಜೊತೆ. ಬರಬಹುದಾ?"

ಅವಳು ಪಕ್ಕದ ಸೀಟಿನ ಮೇಲಿದ್ದ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಕೂತ್ಕೊಳ್ಳಿ," ಎಂದಳು. "ದಾರಿ ಉದ್ದ ಇದೆ. ಈಗ ನಿಮ್ಮ ಕಥೆ ಹೇಳಿ."