ಸವಳ ನೀರಿನ ಒಂಟಿ ಮೀನು

ಫಟ್!

ಯಡೂರಿನ ಹೊಳೆಯ ಮೆಟ್ಟಿಲ ಮೇಲೆ ನಿಂತಿದ್ದ ಅಪರಿಚಿತನ ಕೆನ್ನೆಗೆ ಕೋಮಲಳ ಕೈ ಬಿದ್ದ ಸದ್ದಿಗೆ, ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಕೊಂದ್ರಿ... ಕೊಂದೇಬಿಟ್ರಿ!"

ಅವನ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರ ತಳದಲ್ಲಿ ಎರಡು ಬೆರಳಷ್ಟು ನೀರು ಮಾತ್ರ ಉಳಿದಿತ್ತು. ಒಳಗಿದ್ದ ಜೋಡಿ ಮೀನುಗಳು ಆಗತಾನೇ ಕೃಷ್ಣೆಗೆ ಬಿದ್ದಿದ್ದವು.

"ಅಲ್ರಿ... ನಾ ಜೀವಾ ಬಿಡಸಾಕ ಬಂದಾವ. ನಮ್ಮವ್ವ ತೀರಿ ಇವತ್ತಿಗೆ ಒಂದ ವರ್ಷ. ಅಕಿ ಹೆಸರೀಲೆ..."

"ಅವು ಸಮುದ್ರದ ಮೀನಾ ರೀ! ಹೊಳಿ ನೀರಾಗ ಮೈ ಉಬ್ಬಿ ಸಾಯ್ತಾವ!"

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

ಕೋಮಲ ಚಪ್ಪಲಿ ಸಮೇತ ನೀರಿಗೆ ಧುಮುಕಿದಳು. ಒಂದು ಮೀನು ಕಾಣಲೇ ಇಲ್ಲ. ಇನ್ನೊಂದು ಮೆಟ್ಟಿಲ ಸಂದಿಯಲ್ಲಿ ಓರೆಯಾಗಿ ತೇಲುತ್ತಿತ್ತು. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ... ಅವಳು ಓಢಣಿಯಲ್ಲಿ ಅದನ್ನು ಬಾಚಿಕೊಂಡಳು.

"ಚೀಲಾ ತರ್ರಿ! ಆ ನೀರ ಚೆಲ್ಲಬ್ಯಾಡ್ರಿ!"

ಅವನು ಪ್ಯಾಂಟು ನೆನೆಯುವುದನ್ನೂ ನೋಡದೆ ಇಳಿದು ಬಂದ. ಇಬ್ಬರೂ ಉಸಿರು ಬಿಗಿಹಿಡಿದು ಚೀಲದೊಳಗೆ ನೋಡುತ್ತ ನಿಂತರು. ಒಂದು ಕ್ಷಣ... ಎರಡು... ಮೀನಿನ ಕಿವಿರು ಒಮ್ಮೆ ಅಲುಗಿತು.

ಆಗಲೇ ಅವಳಿಗೆ ಅವನ ಕೆನ್ನೆ ಕಂಡದ್ದು. ಐದು ಬೆರಳೂ ಕೆಂಪಗೆ ಮೂಡಿದ್ದವು.

ಕೋಮಲ ತನ್ನ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. 'ಅಯ್ಯೋ... ದಾದಾನ ಕೈ ನನಗೂ ಬಂತಾ?'

ದಾದಾ ಎಂದರೆ ಅವಳ ಅಣ್ಣ ಮಲಕಾರಿ. ಊಟಕ್ಕೆ ಉಪ್ಪು ಕಮ್ಮಿಯಾದರೂ ಎತ್ತುವ ಕೈ ಅವನದು. ಹತ್ತನೇ ವಯಸ್ಸಿನಿಂದ ಆ ಕೈಯ ತೂಕ ಅವಳಿಗೆ ಗೊತ್ತು. ತಾನು ಮಾತ್ರ ಸಾಯುವವರೆಗೂ ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು ಎಷ್ಟು ಸಲ ಅಂದುಕೊಂಡಿದ್ದಳು!

ಚಿಕ್ಕೋಡಿಯ ಬಸ್ ನಿಲ್ದಾಣದ ಹಿಂದೆ ಅವಳದೊಂದು ಮೀನಿನ ಅಂಗಡಿ. ಐದು ವರ್ಷ ಗಪ್ಪಿ, ಮೋಲಿ, ಗೋಲ್ಡ್ ಫಿಶ್ ಮಾರಿದವಳು. ಸಮುದ್ರದ ಮೀನು ಸಾಕಬೇಕೆಂಬ ಆಸೆ ಹೋದ ವರ್ಷ ಹೊಕ್ಕಿತ್ತು. ಮೂರಡಿಯ ತೊಟ್ಟಿ, ಸಮುದ್ರದ ಕಲ್ಲು, ಅಳೆದು ಬೆರೆಸಿದ ಉಪ್ಪು. ನೀರು ಪಳಗಲು ಆರು ವಾರ ಒಂದೂ ಮೀನು ಬಿಡದೆ ಕಾದಿದ್ದಳು.

"ಮೀನಾ ಇಲ್ಲದ ನೀರಿಗೆ ದೀಪಾ ಹಚ್ಚಿ ಕುಂತಾಳ್ರೆಪಾ," ಎಂದು ಮಲಕಾರಿ ಓಣಿಗೆಲ್ಲ ಕೇಳುವಂತೆ ನಕ್ಕಿದ್ದ. "ಹೊಲಾ ಸವಳಾಗಿ ಹಾಳಾತು. ಈಗ ಅಂಗಡಿಗೂ ಸವಳ ಹಚ್ಚ್ಯಾಳ!"

ಇವತ್ತು ಅವಳು ಉಪ್ಪಿನ ಚೀಲ ತರಲು ನಿಪ್ಪಾಣಿಗೆ ಹೋದಾಗ, ಕೊನೆಗೂ ಆ ತೊಟ್ಟಿಗೆ ತಂದು ಬಿಟ್ಟಿದ್ದ, ಮಾರಲು ಇಡದಿದ್ದ ಜೋಡಿಯನ್ನೇ ಮಲಕಾರಿ ಮಾರಿಬಿಟ್ಟಿದ್ದ. ಕೊಂಡವನು ಯಡೂರಿಗೆ ಹೊರಟನೆಂದು ಪಕ್ಕದ ದರ್ಜಿ ಗಂಗೂಬಾಯಿ ಹೇಳಿದ ಕೂಡಲೇ, ಕೋಮಲ ಸ್ಕೂಟಿ ಓಡಿಸಿಕೊಂಡು ಬಂದಿದ್ದಳು.

* * *

ಅವನ ಹೆಸರು ಶ್ರೇಣಿಕ. ಶೇಡಬಾಳದವನು, ಒಣದ್ರಾಕ್ಷಿ ವ್ಯಾಪಾರಿ. ಮಾರನೇ ದಿನವೇ ಅಂಗಡಿಯ ಬಾಗಿಲಲ್ಲಿ ನಿಂತಿದ್ದ.

"ಅದು... ಉಳದೈತೇನ್ರಿ?"

"ಉಳದೈತಿ. ಒಂಟಿ ಆಗೇತಿ."

"ನಾ ಏನರ ಮಾಡಬೇಕಲ್ರಿ..."

ಕ್ಷಮಿಸಿ ಎನ್ನಬೇಕಾದವಳು ತಾನು! ಅದನ್ನು ಹೇಳುವ ಬದಲು ಅವಳು ಸ್ಟೂಲು ಮುಂದೆ ಸರಿಸಿದಳು. "ಕುಂಡರ್ರಿ," ಎಂದಳು, ಅಷ್ಟೇ.

ಅಲ್ಲಿಂದ ಮುಂದೆ ಪ್ರತಿ ಗುರುವಾರ ಅವನು ಬರತೊಡಗಿದ. ತೊಟ್ಟಿಯ ಗಾಜು ಒರೆಸಿದ. ಉಪ್ಪು ಬೆರೆಸುವುದನ್ನು ಕಲಿತ. ಬಕೆಟ್ಟಿಗೆ ನೀರು ಸುರಿಯುವ ಮುನ್ನ ಜೇಬಿನಿಂದ ಬಿಳಿ ಬಟ್ಟೆ ತೆಗೆದು ಅದರಲ್ಲಿ ಸೋಸುತ್ತಿದ್ದ.

"ಇದು ಮಷೀನಿನ ನೀರ ರೀ. ಇದರಾಗ ಒಂದ ಹುಳಾನೂ ಇಲ್ಲ!" ಎಂದು ಅವಳು ನಕ್ಕಳು.

"ನಾವು ಜೈನರು, ರೂಢಿ ರೀ. ಅವ್ವ ಕಲಿಸಿದ್ದು. ಬಟ್ಟ್ಯಾಗ ಉಳದ ಜೀವಾ ಬಂದ ನೀರಿಗೇ ತಿರಗಿ ಬಿಡಬೇಕ ಅಂತಿದ್ಲು." ಅವನು ತಲೆ ತಗ್ಗಿಸಿದ. "ಅದನ್ನ ಮರತ ನಾ ಯಾವುದೋ ನೀರಿಗೆ ಬಿಟ್ನಿ."

ಇನ್ನೊಂದು ದಿನ ತೊಟ್ಟಿಯ ನೀರು ಇಳಿದದ್ದು ಕಂಡು ಅವನು ಉಪ್ಪುನೀರಿನ ತಂಬಿಗೆ ಎತ್ತಿದ.

"ಏ ನಿಂದರ್ರಿ! ಸಪ್ಪ ನೀರ ಹಾಕ್ರಿ. ಆರಿ ಹೋಗೂದು ಬರೇ ನೀರ. ಉಪ್ಪ ಒಂದ ಚೂರೂ ಹೋಗಂಗಿಲ್ಲ, ಅಲ್ಲೇ ಕುಂತಿರ್ತೈತಿ. ಅದರ ಮ್ಯಾಲ ಮತ್ತ ಉಪ್ಪ ಸುರದ್ರ ಮೀನಾ ತಡಿಯಂಗಿಲ್ಲ."

ಅವನು ತಂಬಿಗೆ ಇಳಿಸಿದ. ಅವನ ನೋಟ ಅವಳ ತೋಳಿನ ಮೇಲಿತ್ತು. ಅಲ್ಲಿ ಚರ್ಮ ನೀಲಿಗಟ್ಟಿತ್ತು.

"ಇದ ಏನ್ರಿ?"

"ಬಾಗಲಾ ಬಡೀತು."

"ಹೋದ ವಾರನೂ ಬಾಗಲಾ ಅಂದಿದ್ರಿ." ಅವನ ದನಿ ಮೆತ್ತಗಾಯಿತು. "ನಿಮ್ಮನ್ಯಾಗ ಬಾಗಲಾ ಭಾಳ ಅದಾವ, ಕೋಮಲಾ..."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ! ಅವಳು ಬೇಗ ತಿರುಗಿ ಮೋಟರಿನ ಗುಂಡಿ ಒತ್ತಿದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಿತ್ತು.

ಮರುವಾರ ಅವನು ಬರಲಿಲ್ಲ.

ಅದರ ಮುಂದಿನ ವಾರವೂ ಇಲ್ಲ. ಫೋನು ಸ್ವಿಚ್ ಆಫ್. ಮೂರನೇ ಗುರುವಾರ ಅವಳು ಬಾಗಿಲ ಕಡೆ ನೋಡುತ್ತ ಕೂತಿದ್ದಾಗ ಮಲಕಾರಿ ಕಡ್ಡಿಯಿಂದ ಹಲ್ಲು ಕೆದಕುತ್ತ ಹೇಳಿದ:

"ಬರಂಗಿಲ್ಲ ಬಿಡ ಅಂವಾ. ಗಂಡಸಿನ ಮ್ಯಾಲ ಕೈ ಮಾಡೋ ಹೆಣ್ಣ ನಮ್ಮನಿಗೆ ಬ್ಯಾಡ ಅಂದ."

'ನಿಜಾನೇ ಅಂದಿರಬೇಕು... ನನ್ನಂಥವಳು ಯಾರಿಗೆ ಬೇಕು?' ಅವಳು ತನ್ನ ಬಲಗೈಯನ್ನೇ ನೋಡಿಕೊಂಡಳು. ಮರುದಿನದಿಂದ ಬಾಗಿಲ ಕಡೆ ನೋಡುವುದನ್ನು ಬಿಟ್ಟಳು. ದಿನವೂ ಸಪ್ಪೆ ನೀರು ಹಾಕುವುದನ್ನು ಮಾತ್ರ ಬಿಡಲಿಲ್ಲ.

* * *

ಶನಿವಾರ ಮಟಮಟ ಮಧ್ಯಾಹ್ನ. ಮಲಕಾರಿ ಕುಡಿದು ಬಂದ. ಕೈಯಲ್ಲಿ ಶಟರು ಎಳೆಯುವ ಕಬ್ಬಿಣದ ಸಲಾಕೆ.

"ಅಂಗಡಿ ಖಾಲಿ ಮಾಡ. ನನ್ನ ದೋಸ್ತ ಮೊಬೈಲ್ ಅಂಗಡಿ ಹಾಕ್ತಾನ."

"ಆಗಂಗಿಲ್ಲ, ದಾದಾ."

"ಏನಂದಿ ಲೇ?"

"ಆಗಂಗಿಲ್ಲ ಅಂದ್ನಿ!"

ಅವನು ಅವಳ ಜುಟ್ಟು ಹಿಡಿದು ಗೋಡೆಗೆ ಬಡಿದ. ಹಣೆ ಒಡೆದು ರಕ್ತ ಹುಬ್ಬಿಗಿಳಿಯಿತು.

"ಯಾರ ಬರ್ತಾರ ಬಿಡಸಾಕ? ಆ ಶೇಡಬಾಳದಾಂವ? ಅವನ ಕೈ ಮುರದ ಕಳಸೇನಿ! ನನ್ನ ತಂಗೀನೇ ಹೊಡಿಸ್ಯಾಳ ಅಂತ ಹೇಳೇ ಹೊಡದೇನಿ. ತಿರಗಿ ಒಂದ ಏಟ ಹಾಕಲಿಲ್ಲ... ಹೇಡಿ!"

ಕೋಮಲಳ ಕಿವಿ ಗುಂಯ್‌ಗುಟ್ಟಿತು. 'ಕೈ ಮುರಿದನೇ? ನಾನೇ ಹೊಡೆಸಿದೆ ಎಂದನೇ?'

ಧಡಾರ್!

ಸಲಾಕೆ ತೊಟ್ಟಿಗೆ ಬಿತ್ತು. ಇಡೀ ಗಾಜು ಸಿಡಿದು ಉಪ್ಪುನೀರು ಅಂಗಡಿಯ ತುಂಬ ನುಗ್ಗಿತು. ಮಲಕಾರಿ ಜಾರಿ ಗಾಜಿನ ಮೇಲೆ ಅಂಗಾತ ಬಿದ್ದ. ಸಲಾಕೆ ಉರುಳಿ ಅವಳ ಕಾಲ ಬಳಿ ಬಂತು.

ಅವಳು ಅದನ್ನು ಎತ್ತಿಕೊಂಡಳು.

ಇಪ್ಪತ್ತು ವರ್ಷದ ಏಟುಗಳೆಲ್ಲ ಅವಳ ತೋಳಿಗೆ ಬಂದು ನಿಂತವು. ಸಲಾಕೆ ತಲೆಯ ಮೇಲಕ್ಕೆ ಹೋಯಿತು. ಮಲಕಾರಿಯ ಕಣ್ಣಲ್ಲಿ ಮೊದಲ ಸಲ ಹೆದರಿಕೆ ಕಂಡಿತು.

"ಏ... ಏ ಕೋಮ್ಲಿ... ಬ್ಯಾಡ..."

ಒಂದೇ ಏಟು ಹಾಕಿದರೆ ಸಾಕಿತ್ತು!

ಪಟ್... ಪಟ್...

ನೆಲದಲ್ಲಿ, ಗಾಜಿನ ಚೂರುಗಳ ನಡುವೆ, ಕಿತ್ತಳೆ ಮೀನು ಬಾಲ ಬಡಿಯುತ್ತಿತ್ತು.

ಅವನನ್ನು ಹೊಡೆಯಬೇಕು, ಇಲ್ಲವೇ ಇದನ್ನು ಎತ್ತಬೇಕು. ಎರಡಕ್ಕೂ ಹೊತ್ತಿರಲಿಲ್ಲ.

ಕೋಮಲ ಸಲಾಕೆಯನ್ನು ಬೀದಿಗೆಸೆದಳು. ಗಾಜು ಮೊಣಕಾಲಿಗೆ ನೆಟ್ಟರೂ ಲೆಕ್ಕಿಸದೆ ಮಂಡಿಯೂರಿ, ಮೀನನ್ನು ಬೊಗಸೆಯಲ್ಲಿ ಎತ್ತಿ, ಬೆಳಿಗ್ಗೆ ಬೆರೆಸಿಟ್ಟಿದ್ದ ಉಪ್ಪುನೀರಿನ ಬಕೆಟ್ಟಿಗೆ ಬಿಟ್ಟಳು.

ಅಷ್ಟರಲ್ಲಿ ಗಂಗೂಬಾಯಿ ಬಟ್ಟೆ ಕತ್ತರಿಸುವ ಕತ್ತರಿ ಹಿಡಿದೇ ಒಳಗೆ ನುಗ್ಗಿದಳು. ಹಿಂದೆ ಓಣಿಯ ನಾಲ್ಕು ಜನ.

"ಇನ್ನೊಮ್ಮಿ ಕೈ ಎತ್ತ ನೋಡೂಣು, ಮುಕಳ್ಯಾ! ಪೊಲೀಸರಿಗೆ ಫೋನ್ ಹಚ್ಚೇನಿ!" ಎಂದು ಮಲಕಾರಿಯ ಮೇಲೆ ಹರಿಹಾಯ್ದಳು. ಆಮೇಲೆ ಕೋಮಲಳ ಹಣೆಗೆ ಹೊಸ ಬಟ್ಟೆ ಹರಿದು ಕಟ್ಟುತ್ತ ಕೇಳಿದಳು, "ಎಲ್ಲಿಗೆ ಹೊಂಟಿಯವ್ವ ಬಕೆಟ್ ತಗೊಂಡ?"

"ಶೇಡಬಾಳಕ್ಕ, ಗಂಗೂ ಮಾಂಶಿ."

* * *

ಕೃಷ್ಣೆಯ ಸೇತುವೆ ದಾಟುವಾಗ ಟೆಂಪೊದಲ್ಲಿ ಅವಳು ಬಕೆಟ್ಟನ್ನು ಎದೆಗವಚಿ ಹಿಡಿದಿದ್ದಳು.

ಊರಲ್ಲಿ ಕೇಳಿಕೊಂಡು ಹೋದ ಮನೆಯ ಬಾಗಿಲು ತೆರೆದವನು ಶ್ರೇಣಿಕನೇ. ಬಲಗೈಗೆ ಪ್ಲಾಸ್ಟರು. ಅವಳ ಹಣೆಯ ರಕ್ತ ಕಂಡು ಅವನು ಒಂದು ಹೆಜ್ಜೆ ಮುಂದೆ ಬಂದ.

"ಯಾರ... ಯಾರ ಮಾಡಿದ್ರ ಇದನ್ನ?"

"ನಿಮ್ಮ ಕೈ ಮುರದಾಂವನೇ. ನಾ ಕಳಸಿರಲಿಲ್ರಿ! ದೇವರಾಣಿ..."

ಅವನು ಪಕ್ಕಕ್ಕೆ ಸರಿದ. ಒಳಗೆ ನೋಡಿದ ಕೋಮಲ ಅಲ್ಲೇ ನಿಂತುಬಿಟ್ಟಳು.

ಪಡಸಾಲೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿ. ಸಮುದ್ರದ ಕಲ್ಲು, ಮೋಟರು, ದೀಪ... ಮೀನು ಮಾತ್ರ ಒಂದೂ ಇರಲಿಲ್ಲ.

"ಆರ ವಾರ ಕಾಯಬೇಕ ಅಂದಿದ್ರೆಲ್ಲ," ಎಂದ ಅವನು. "ಏಳ ಆದೂ. ನಿಮ್ಮ ಒಂಟಿ ಮೀನಿಗೆ ಜೋಡಿ ತಂದ ಇಲ್ಲಿ ಇಡೂಣು ಅಂತ..."

"ನಾನ ಹೊಡಿಸೇನಿ ಅಂತ ನಂಬಿದ್ರೇನು?"

ಅವನು ಸುಳ್ಳು ಹೇಳಲಿಲ್ಲ. "ಅರ್ಧಾ ನಂಬಿದ್ನಿ. ಫೋನ್ ಒಡದಿತ್ತು. ಹೊಸಾದ ತಗೊಂಡ ಮ್ಯಾಲೂ ಹಚ್ಚಾಕ ಧೈರ್ಯಾ ಆಗಲಿಲ್ಲ."

"ಮತ್ತ ಈ ನೀರ?"

"ದಿನಾ ಸಪ್ಪ ನೀರ ಹಾಕ್ಕೋತ ಬಂದ್ನಿ. ಎಡಗೈಲೆ." ಅವನು ತುಸು ನಕ್ಕ. "ಉಳದ ಅರ್ಧಾ ಅದನ್ನ ಬಿಡಗೊಡಲಿಲ್ಲ."

ಕೋಮಲ ಬಿಕ್ಕಿ ಬಿಕ್ಕಿ ಅತ್ತಳು.

ಮೀನನ್ನು ಒಮ್ಮೆಲೇ ತೊಟ್ಟಿಗೆ ಬಿಡುವಂತಿರಲಿಲ್ಲ. ಸಣ್ಣ ನಳಿಗೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಕೆಟ್ಟಿಗೆ ಇಳಿಬಿಟ್ಟು ಇಬ್ಬರೂ ನೆಲದ ಮೇಲೆ ಕೂತರು. ಟಪ್... ಟಪ್... ಬಿಸಿಲು ಹೊಸ್ತಿಲು ದಾಟಿ ಹೋಯಿತು. ಕೊನೆಗೆ ಮೀನು ಹೊಸ ನೀರಿಗೆ ಜಾರಿ, ಕಲ್ಲಿನ ಮರೆಗೆ ಹೋಗಿ, ಮತ್ತೆ ಹೊರಗೆ ಇಣುಕಿತು.

"ಶ್ರೇಣಿಕ..."

"ಹೂಂ?"

"ಅವತ್ತ ಯಡೂರಾಗ ಹೊಡದೆಲ್ಲ... ತಪ್ಪಾತು. ಇಷ್ಟ ದಿನಾ ಹೇಳಾಕ ಆಗಲಿಲ್ಲ. ಈ ಕೈ ಕಂಡ್ರ ನನಗ ಅಂಜಿಕಿ ಬರ್ತೈತಿ."

ಅವನು ಎಡಗೈಯಿಂದ ಅವಳ ಬಲಗೈ ಹಿಡಿದ. ಗಾಜು ಗೀರಿದ ಆ ಅಂಗೈಯನ್ನು ಮೆಲ್ಲಗೆ ಎತ್ತಿ, ಅಂದು ಅದು ಬಿದ್ದಿದ್ದ ಕೆನ್ನೆಯ ಮೇಲೇ ಇಟ್ಟುಕೊಂಡ.

"ನನಗ ಅಂಜಿಕಿ ಇಲ್ಲ. ಇಲ್ಲೇ ಇರ್ತೀಯೇನು?"

ಅವಳು ಕೈ ತೆಗೆಯಲಿಲ್ಲ.

"ಇರ್ತೇನಿ... ಆದ್ರ ದಿನಾ ನೀರ ಹಾಕೋ ಕೆಲಸಾ ನಿಂದ."