ವಿಭೂತಿ ಮುಟ್ಟಿ ಕೈ ತೊಳೆದವನು

೨೦೦೭ರ ನವೆಂಬರ್ ೨೪, ಶನಿವಾರ. ಬೆಳಿಗ್ಗೆ ಹತ್ತೂವರೆಗೆ ಮೆಟ್ರಿಯ ರೈತ ಮೂಕಣ್ಣ ಕಂಪ್ಲಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ. ಗದ್ದೆಯ ಕೆಸರು ಮೊಣಕಾಲಿನವರೆಗೆ ಒಣಗಿ ಬಿರಿದಿತ್ತು. ಸಬ್ ಇನ್ಸ್‌ಪೆಕ್ಟರ್ ವೀರೇಶ್ ಕುರ್ಚಿ ತೋರಿಸಿದರೂ ಅವನು ಕೂರಲಿಲ್ಲ.

“ನನ್ನ ಹೇಣ್ತಿಗೆ ಕೈಮದ್ದು ಹಾಕ್ಯಾರ್ರೀ ಸಾಹೇಬ್ರ. ಹೊಸಪೇಟಿ ಆಸ್ಪತ್ರ್ಯಾಗ ಮಲಗ್ಯಾಳ. ಬಾಯಿ ತುಂಬ ಹುಣ್ಣು. ಅಂಗೈ ತೊಗಲು ಸುಲಕೊಂಡು ಬರಾಕತ್ತೇತಿ.”

“ಯಾರು ಹಾಕಿದ್ದು?”

“ಹೊಳೆಮ್ಮ. ನಮ್ಮ ಅಣ್ಣನ ಹೇಣ್ತಿ. ಬದುವಿನ ಜಗಳ ಆದಾಗಿಂದ ಕಣ್ಣಾಗ ಕೆಂಡ ಇಟ್ಕೊಂಡು ತಿರುಗ್ತಾಳ.”

“ಹಾಕಿದ್ದು ನೋಡೀಯೇನು?”

“ಮದ್ದು ಹಾಕೋರು ತೋರಿಸಿ ಹಾಕ್ತಾರೇನ್ರೀ?”

ಉಣ್ಣುವ ಅನ್ನದಲ್ಲಿ ಗುಟ್ಟಾಗಿ ಮದ್ದು ಬೆರೆಸಿದರು ಎಂಬ ದೂರು ವೀರೇಶ್‌ಗೆ ಹೊಸದಲ್ಲ. ಹೆಚ್ಚಿನವು ಬೇಲಿಯ ಜಗಳದಲ್ಲಿ ಹುಟ್ಟಿ ರಾಜಿಯಲ್ಲಿ ಸಾಯುತ್ತಿದ್ದವು. ಆದರೆ ಅಂಗೈ ಸುಲಿದ ದೂರು ಇದೇ ಮೊದಲು. ವಿಷ ಉಣಿಸಿದ ಕಲಮಿನಡಿ ಎಫ್‌ಐಆರ್ ದಾಖಲಿಸಿದರು. ಹೊಳೆಮ್ಮನ ಮೇಲೆ ಅನುಮಾನವಿದೆ ಎಂದು ಮೂಕಣ್ಣನ ಮಾತನ್ನು ಬರೆದುಕೊಂಡರು. ಆರೋಪಿಯ ಹೆಸರಿನ ಜಾಗದಲ್ಲಿ ಮಾತ್ರ ‘ಪತ್ತೆಯಾಗಬೇಕಿದೆ’ ಎಂದು ಬರೆಸಿದರು.

ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಕೊಟ್ರಯ್ಯ ಮತ್ತು ಮಹಿಳಾ ಕಾನ್‌ಸ್ಟೇಬಲ್ ಉಚ್ಚೆಂಗಮ್ಮನ ಜೊತೆ ಅವರು ಹೊಸಪೇಟೆಯ ಆಸ್ಪತ್ರೆಗೆ ಹೋದಾಗ, ಮೂಕಣ್ಣನ ಹೆಂಡತಿ ದುರುಗವ್ವನ ಮಂಚದ ಪಕ್ಕ ಒಬ್ಬ ಹೆಂಗಸು ಕೂತು ಗಂಜಿ ಆರಿಸುತ್ತಿದ್ದಳು. ಅವಳೇ ಹೊಳೆಮ್ಮ. ಪೊಲೀಸರ ಜೊತೆ ಬಂದ ಮೈದುನನನ್ನು ನೋಡಿದ್ದೇ ತಟ್ಟೆ ಕೆಳಗಿಟ್ಟಳು.

“ಠಾಣೆಗೆ ಹೋಗಿದ್ದಿಯಂತಲ್ಲೋ! ನಾ ಮದ್ದು ಹಾಕೋಳಾಗಿದ್ರ ಮೊದಲ ನಿನಗ ಹಾಕ್ತಿದ್ದೆ. ಈ ಬಡಪಾಯಿಗ್ಯಾಕ ಹಾಕ್ಲಿ?”

ಮೂಕಣ್ಣ ಕಿಟಕಿಯ ಕಡೆ ತಿರುಗಿ ನಿಂತ.

ಡಾಕ್ಟರ್ ಸ್ಫೂರ್ತಿ ರಕ್ತದ ವರದಿ ಹಿಡಿದುಕೊಂಡು ಬಂದರು. “ಇದು ಕೀಟನಾಶಕ ಅಲ್ಲ. ಬಾಯಿ ಹುಣ್ಣು, ಭೇದಿ, ಅಂಗೈ ಅಂಗಾಲು ಸುಲಿಯೋದು, ಬಿಳಿ ರಕ್ತಕಣ ಕುಸಿಯೋದು, ಇವು ನಾಲ್ಕೂ ಒಟ್ಟಿಗೆ ಬರೋದನ್ನ ನಾನು ಒಂದೇ ಕಡೆ ನೋಡಿರೋದು. ಕ್ಯಾನ್ಸರ್ ಗುಳಿಗೆ ನುಂಗೋರಲ್ಲಿ. ಇವರ ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇದೆಯಾ?”

ಯಾರಿಗೂ ಇರಲಿಲ್ಲ. ಅಲ್ಲಿಯವರೆಗೆ ಎಲ್ಲರೂ ದುರುಗವ್ವನ ಬಗ್ಗೆ ಮಾತಾಡಿದ್ದರು, ದುರುಗವ್ವನನ್ನು ಯಾರೂ ಕೇಳಿರಲಿಲ್ಲ. ವೀರೇಶ್ ಗಂಡಸರನ್ನು ಹೊರಗೆ ಕರೆತಂದರು. ಸ್ವಲ್ಪ ಹೊತ್ತಿಗೆ ಉಚ್ಚೆಂಗಮ್ಮ ಬಂದಳು. ಕೈಯಲ್ಲಿ ಮಡಿಸಿದ ಕಾಗದದ ಪೊಟ್ಟಣ.

“ಎದ್ಯಾಗ ಗಂಟು ಕಂಡಿತ್ತಂತ್ರೀ ಸಾರ್. ಗಂಡಗ ಹೇಳಾಕ ನಾಚ್ಕಿ. ಹಂಪಿ ಬಜಾರದ ಮಂಟಪದಾಗ ಗಾದಿಲಿಂಗ ಅಂತ ಒಬ್ಬಾತ ಗಂಟು ಕರಗಿಸೋ ವಿಭೂತಿ ಕೊಡ್ತಾನಂತ, ಬರೀ ಐತವಾರ. ಮೂರು ವಾರದಿಂದ ದಿನಾ ಮೂರು ಹೊತ್ತು ನೀರಾಗ ಕಲಿಸಿ ಕುಡದಾಳ. ಬಾಯಿ ಹುಣ್ಣಾತು ಅಂತ ಹೋಗಿ ಕೇಳಿದ್ರ, ‘ಗಂಟು ಒಡದು ಹೊರಗ ಬರಾಕತ್ತೇತಿ, ಬಿಡಬ್ಯಾಡ’ ಅಂದನಂತ.”

ವಿಭೂತಿ ಎಂಬ ಮಾತು ಕಿವಿಗೆ ಬಿದ್ದದ್ದೇ ಕೊಟ್ರಯ್ಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಉಂಗುರದ ಬೆರಳನ್ನು ಪೊಟ್ಟಣದತ್ತ ಒಯ್ದಿದ್ದ. ವೀರೇಶ್ ಅವನ ಮಣಿಕಟ್ಟು ಹಿಡಿದರು.

“ಮುಟ್ಟಬ್ಯಾಡ್ರಿ ಕೊಟ್ರಯ್ಯ. ಬಣ್ಣ ನೋಡ್ರಿ.”

ಬೂದಿಯಲ್ಲಿ ತೆಳುವಾದ ಕೆಂಪು ಇತ್ತು. ಅದಿರಿನ ಲಾರಿಗಳು ಓಡಾಡುವ ಈ ಸೀಮೆಯಲ್ಲಿ ಎಲೆಯೂ ಕೆಂಪು, ಒಣಹಾಕಿದ ಬಟ್ಟೆಯೂ ಕೆಂಪು. ಅದಕ್ಕೇ ಯಾರಿಗೂ ಸಂಶಯ ಬಂದಿರಲಿಲ್ಲ.

ಡಾಕ್ಟರ್ ಕೈಗವಸು ಹಾಕಿಕೊಂಡು ಪೊಟ್ಟಣವನ್ನು ಪ್ಲಾಸ್ಟಿಕ್ ಚೀಲಕ್ಕಿಳಿಸಿ, ಉಚ್ಚೆಂಗಮ್ಮನನ್ನು ಸೋಪು ಹಚ್ಚಿ ಕೈ ತೊಳೆಯಲು ಕಳಿಸಿದರು. “ಲ್ಯಾಬಿನವರು ಖಾತ್ರಿ ಮಾಡಬೇಕು. ಆದರೆ ಆ ಗುಳಿಗೆಯ ಮೇಲಿನ ಲೇಪ ಇದೇ ಬಣ್ಣ. ಅದನ್ನ ಪುಡಿ ಮಾಡಬಾರದು, ಮುರೀಬಾರದು. ರಕ್ತ ಪರೀಕ್ಷೆ ನೋಡಿ ಅಳತೆ ಹೇಳ್ತೀವಿ. ಊಟ ಆದ ಅರ್ಧ ಗಂಟೆಯೊಳಗೆ ನೀರಿನ ಜೊತೆ ಇಡಿಯಾಗಿ ನುಂಗಬೇಕು. ಎರಡು ವಾರ ತಗೊಂಡರೆ ಒಂದು ವಾರ ಬಿಡುವು. ಬಾಯಿ ಹುಣ್ಣಾಯ್ತೋ, ಆಗಲೇ ನಿಲ್ಲಿಸಿ ನಮಗೆ ಫೋನ್ ಮಾಡಬೇಕು. ಬಸುರಿಯರಂತೂ ಅದರ ಪುಡಿ ಮುಟ್ಟಲೇಬಾರದು.”

“ಈಕೆ ಉಳೀತಾಳಾ?”

“ಉಳಿಸ್ತೀವಿ. ಇನ್ನೊಂದು ಪೊಟ್ಟಣ ಯಾರ ಮನೆಯಲ್ಲಿದೆ ಅನ್ನೋದನ್ನ ನೀವು ಹುಡುಕಬೇಕು.”

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹಂಪಿ ಬಜಾರಿನಲ್ಲಿ ಕಾರ್ತಿಕದ ಜನ ತುಂಬಿತ್ತು. ವಿರೂಪಾಕ್ಷನ ಗೋಪುರಕ್ಕೆ ಅಲ್ಲಿಂದಲೇ ಕೈ ಮುಗಿದು ವೀರೇಶ್ ಗುಡ್ಡಪ್ಪನ ತೆಂಗಿನಕಾಯಿ ಅಂಗಡಿಯಲ್ಲಿ ಕೂತರು. ಎದುರಿನ ಕಲ್ಲು ಮಂಟಪದಲ್ಲಿ ಗಾದಿಲಿಂಗ. ಐವತ್ತರ ಆಸುಪಾಸು, ಒಗೆದು ಮಡಿಸಿದ ಧೋತ್ರ, ಮೆಲುದನಿ. ಪಂಚೆ ಉಟ್ಟು ರೋಗಿಯಂತೆ ಹೋದ ಕೊಟ್ರಯ್ಯ ಅವನ ಕಾಲು ಮುಟ್ಟಿ, ಹೊಟ್ಟೆಯಲ್ಲಿ ಗಂಟಿದೆ ಎಂದ.

ಗಾದಿಲಿಂಗ ಚಿಕ್ಕ ಕರಡಿಗೆಯಿಂದ ವಿಭೂತಿ ತೆಗೆದು ಕೊಟ್ರಯ್ಯನ ಹಣೆಗೆ ಎಳೆದ. ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೇ ಒರೆಸಿಕೊಂಡ. ಆಮೇಲೆ ಹಿಂದಿನ ಡಬ್ಬಿಯಿಂದ ಒಂದು ಪೊಟ್ಟಣವನ್ನು ವೀಳ್ಯದೆಲೆಯಲ್ಲಿ ಹಿಡಿದು ಎತ್ತಿ ಕೊಟ್ಟ. ಕೊಟ್ಟವನೇ ಮೂಲೆಯ ಕೊಡದ ಹತ್ತಿರ ಹೋಗಿ, ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ಕೈ ತೊಳೆದ.

ವೀರೇಶ್ ಎದ್ದು ಮಂಟಪ ಹತ್ತಿದರು. ವಿಭೂತಿ ಮುಟ್ಟಿದ ಕೈಯನ್ನು ಅವರ ಅಜ್ಜ ತೊಳೆದದ್ದಿಲ್ಲ, ಅಪ್ಪ ತೊಳೆದದ್ದಿಲ್ಲ.

“ಪೊಟ್ಟಣದಾಗ ಏನೈತಿ?”

“ವಿಭೂತಿ, ಬುದ್ಧಿ. ಆಕಳ ಸಗಣಿ ಸುಟ್ಟಿದ್ದು.”

“ಹಂಗಾದ್ರ ಬಿಚ್ಚು. ನಿನ್ನ ಹಣೆಗೆ ಹಚ್ಕೋ.”

ಗಾದಿಲಿಂಗ ಕದಲಲಿಲ್ಲ.

“ಕರಡಿಗಿ ಮುಟ್ಟಿ ಹಣೆಗೆ ಒರಸ್ಕೊಂಡಿ. ಪೊಟ್ಟಣ ಮುಟ್ಟಿ ಸೋಪು ಹಚ್ಚಿದಿ. ಯಾರು ಕಲಿಸಿದ್ರು?”

ಅವನು ಒದ್ದೆ ಕೈಯನ್ನು ಧೋತ್ರಕ್ಕೆ ಒರೆಸಿಕೊಂಡ. “ತೀರಿಹೋದ ಕಂಪ್ಲಿ ಜಡೆಪ್ಪ ಯಜಮಾನ್ರನ್ನ ನೋಡ್ತಿದ್ದ ಡಾಕ್ಟ್ರು.”

ಗುಡ್ಡಪ್ಪ ಮತ್ತು ಪಕ್ಕದ ಹೂವಿನವನನ್ನು ಪಂಚರನ್ನಾಗಿ ಕರೆದು ಪಂಚನಾಮೆ ನಡೆಸಲಾಯಿತು. ಡಬ್ಬಿಯಲ್ಲಿ ಕೆಂಪಡರಿದ ಕುಟ್ಟಾಣಿ, ಖಾಲಿಯಾದ ಗುಳಿಗೆ ಹಾಳೆಗಳು, ಇನ್ನೂ ಒಡೆಯದ ಎರಡು ಹಾಳೆ ಸಿಕ್ಕವು.

“ಇನ್ಯಾರಿಗೆ ಕೊಟ್ಟಿ?”

“ಮೆಟ್ರಿ ದುರುಗವ್ವಗ. ಇವತ್ತು ಮುಂಜಾನೆ ಯಶವಂತನಗರದ ಸುಂಕಮ್ಮಗ. ಸೊಸಿ ಕೊರಳಾಗ ಗಂಟಂತ. ನಾಳೆ ಕಾರ್ತಿಕ ಸೋಮವಾರ, ಪೂಜೆ ಮುಗಿಸಿ ಶುರು ಮಾಡ್ರಿ ಅಂದೀನಿ.”

“ಸೊಸಿನ್ನ ನೋಡಿದೇನು?”

“ಇಲ್ರಿ. ಬಸ್ಸಿನ ಕುಲುಕಾಟ ಆಕಿಗೆ ಆಗಂಗಿಲ್ಲ ಅಂತ...” ಅಷ್ಟು ಹೇಳಿ ಗಾದಿಲಿಂಗ ತಾನೇ ಬಾಯಿ ಮೇಲೆ ಕೈ ಇಟ್ಟುಕೊಂಡ. “ಬಸುರಿ ಏನೋ ಆಕಿ, ಸಾಹೇಬ್ರ.”

ಜೀಪು ಸಂಡೂರಿನ ದಾರಿ ಹಿಡಿಯಿತು. ಅದಿರಿನ ಲಾರಿಗಳ ಸಾಲು ಮುಗಿಯುವ ಹಾಗೆ ಕಾಣಲಿಲ್ಲ. ಕೊಟ್ರಯ್ಯ ಕಿಟಕಿಯಿಂದ ತಲೆ ಹೊರಹಾಕಿ ಪ್ರತಿ ಡ್ರೈವರನನ್ನೂ ಬೈಯುತ್ತ ದಾರಿ ಬಿಡಿಸಿದ. ಯಶವಂತನಗರ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಕೆಂಪು ಧೂಳು ಕೂತ ಬಾಗಿಲಲ್ಲಿ ಸುಂಕಮ್ಮ ಅಡ್ಡ ನಿಂತಳು. ಅವಳ ಹಿಂದೆ ತುಂಬಿದ ಬಸುರಿ ಸೊಸೆ ತ್ರಿವೇಣಿ.

“ದೇವರ ಮುಂದ ಇಟ್ಟದ್ದರೀ. ನಾಳೆ ಸ್ವಾಮಿ ಹೆಸರು ಹೇಳಿ ಕೊಡೋದು. ಪೊಲೀಸ್ರಿಗ್ಯಾಕ ಕೊಡ್ಲಿ?”

ಬಲವಂತದಿಂದ ಒಳಗೆ ನುಗ್ಗಬಹುದಿತ್ತು. ಪೊಟ್ಟಣ ಹರಿದು ಚೆಲ್ಲಿದರೆ ಆ ಮನೆಯಲ್ಲೇ ಬಸುರಿ ಓಡಾಡಬೇಕು. ವೀರೇಶ್ ಗಾದಿಲಿಂಗನನ್ನು ಜೀಪಿನಿಂದ ಇಳಿಸಿ ಬಾಗಿಲ ಮುಂದೆ ನಿಲ್ಲಿಸಿದರು.

“ನೀನ ಹೇಳು.”

“ಅವ್ವಾ, ಅದು ವಿಭೂತಿ ಅಲ್ಲ. ಯಾರೋ ಸತ್ತವರ ಗುಳಿಗಿ, ನಾ ಕುಟ್ಟಿ ಬೂದ್ಯಾಗ ಕಲಿಸೀನಿ. ಹೊಟ್ಯಾಗಿನ ಕೂಸಿಗೆ ಕೇಡು. ಕೊಟ್ಟುಬಿಡ್ರಿ.”

ಸುಂಕಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಮುಂಜಾನೆ ನಿನ್ನ ಕಾಲಿಗೆ ಬಿದ್ದೆನಲ್ಲೋ.”

ಗಾದಿಲಿಂಗ ತಲೆ ತಗ್ಗಿಸಿದ. ಅವಳು ದಾರಿ ಬಿಟ್ಟಳು. ಉಚ್ಚೆಂಗಮ್ಮ ಕೈಗವಸು ತೊಟ್ಟು ದೇವರ ಗೂಡಿನಿಂದ ಪೊಟ್ಟಣ ತೆಗೆದಳು. ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

“ನೀ ಮುಟ್ಟೀಯೇನವ್ವಾ?”

“ಇಲ್ಲಕ್ಕ,” ಎಂದಳು ತ್ರಿವೇಣಿ. “ಅತ್ತಿ ಮಡಿ ಅಂತ ಮುಟ್ಟಾಕ ಬಿಡಲಿಲ್ಲ.”

“ಭಾಳ ಛಲೋ ಆತು. ಕೊರಳಿನ ಗಂಟು ಡಾಕ್ಟರಿಗೆ ತೋರಸು. ನಾನ ಬಂದು ಕರ್ಕೊಂಡು ಹೋಗ್ತೀನಿ.”

ಸೋಮವಾರ ಬೆಳಿಗ್ಗೆ ಕಂಪ್ಲಿಯ ಅಕ್ಕಿ ಗಿರಣಿಯ ಹಿಂದಿನ ಮನೆಯಲ್ಲಿ ಜಡೆಪ್ಪನವರ ಹೆಂಡತಿ ಕೊಟ್ರಮ್ಮ ಹೇಳಿಕೆ ಕೊಟ್ಟರು. ಕರುಳಿನ ಗಂಟಿಗೆ ಯಜಮಾನರು ಆ ಗುಳಿಗೆ ನುಂಗುತ್ತಿದ್ದರು. ಕಾಲು ಒತ್ತಲು ಬಂದ ಗಾದಿಲಿಂಗನೇ ಊಟ ನೋಡಿಕೊಂಡು ಗುಳಿಗೆ ಕೊಡುತ್ತಿದ್ದ. ಸೊಸೆ ಬಸುರಿಯಾಗಿದ್ದಾಗ ಅವಳಿಗೆ ಡಬ್ಬಿ ಮುಟ್ಟಲೂ ಬಿಡುತ್ತಿರಲಿಲ್ಲ. ಗಂಟು ಕರಗಿ ಯಜಮಾನರು ಗಿರಣಿಗೆ ನಡೆದು ಹೋಗುವಂತಾದರು. ಅವರು ತೀರಿಕೊಂಡದ್ದು ಎದೆನೋವಿನಿಂದ.

“ಅಷ್ಟು ತುಟ್ಟಿ ಔಷಧಿ ಕಸಕ್ಕ ಹಾಕಿದ್ರ ಪಾಪ ಅಂತ, ಯಜಮಾನ್ರ ಶಿವಗಣಾರಾಧನಿ ದಿನ ಧೋತ್ರದ ಜೋಡಿ ಅವಗ ಕೊಟ್ಟೆನ್ರಿ,” ಎಂದರು ಕೊಟ್ರಮ್ಮ. “ದಾನ ಅಂತ ಕೊಟ್ಟೆ.”

ಮಗ ಈಶ್ವರ್ ನಡುವೆ ಬಾಯಿ ಹಾಕಿದ. “ವಾಪಸ್ ಕೊಡೂಣು ಅಂದಿದ್ದೆನವ್ವಾ ನಾನು.”

“ಅಂದಿದ್ದಿ. ಒಯ್ಯಲಿಲ್ಲ.”

“ಇನ್ನ ಮ್ಯಾಲೆ ಯಾರ ಔಷಧಿ ಉಳಿದ್ರೂ ಕೊಂಡ ಅಂಗಡಿಗೋ ಡಾಕ್ಟರಿಗೋ ಮುಟ್ಟಸ್ರಿ,” ಎಂದರು ವೀರೇಶ್. “ದಾನ ಮಾಡೋ ವಸ್ತು ಅಲ್ಲ ಅದು.”

ಠಾಣೆಗೆ ಬಂದಾಗ ಆಸ್ಪತ್ರೆಯಿಂದ ಫೋನ್ ಬಂದಿತ್ತು. ದುರುಗವ್ವನ ರಕ್ತಕಣ ಏರುತ್ತಿತ್ತು. ಎದೆಯ ಗಂಟು ಬರೀ ನೀರಿನ ಗಂಟು, ಅದಕ್ಕೆ ಯಾವ ಗುಳಿಗೆಯೂ ಬೇಕಿರಲಿಲ್ಲ. ಗಂಜಿ ಕುಡಿಸುತ್ತಿದ್ದವಳು ಹೊಳೆಮ್ಮನೇ. ತಟ್ಟೆ ತೊಳೆಯುತ್ತಿದ್ದವನು ಮೂಕಣ್ಣ.

ಭಾನುವಾರ ಸಂಜೆಯೇ ದಸ್ತಗಿರಿಯಾಗಿದ್ದ ಗಾದಿಲಿಂಗನ ಹೇಳಿಕೆಯನ್ನು ವೀರೇಶ್ ಹನ್ನೊಂದು ಗಂಟೆಗೆ ಬರೆದುಕೊಂಡರು.

“ರೊಕ್ಕ ತಗೊಂತಿದ್ದೇನು?”

“ಒಂದು ಪೈಸಾ ಮುಟ್ಟಿಲ್ರೀ.”

“ಬಾಯಿ ಹುಣ್ಣಾದ್ರ ಗುಳಿಗಿ ನಿಲ್ಲಸಬೇಕು ಅಂತ ನಿನಗ ಗೊತ್ತಿತ್ತು. ದುರುಗವ್ವಗ ಬಿಡಬ್ಯಾಡ ಅಂದಿ. ಯಾಕ?”

“ನಿಲ್ಲಿಸು ಅಂದ್ರ ಮಂಟಪದಾಗಿನ ಸ್ವಾಮಿ ಸುಳ್ಳಾಗ್ತಿದ್ದ.”

“ಗುಳಿಗಿ ಯಾಕ ಬೂದಿ ಮಾಡಿದಿ?”

“ಗುಳಿಗಿ ಅಂದ್ರ ಚೀಟಿ ಕೇಳ್ತಾರ. ಬೂದಿ ಅಂದ್ರ ಕೈ ಒಡ್ತಾರ.” ಅವನು ತನ್ನ ಅಂಗೈ ನೋಡಿಕೊಂಡ. “ಯಜಮಾನ್ರ ಗಂಟು ಕರಗಿದ್ದು ಈ ಕೈಯಾಗರೀ. ಎಲ್ಲರದೂ ಕರಗತೈತಿ ಅಂದ್ಕೊಂಡೆ. ಹುಟ್ಟಿದಾಗಿಂದ ಮಂದಿ ಕಾಲು ಒತ್ತಿದೆ. ಮಂಟಪದಾಗ ಕುಂತ ಮೊದಲನೇ ದಿನ ದುರುಗವ್ವ ಬಗ್ಗಿ ನನ್ನ ಕಾಲು ಮುಟ್ಟಿದ್ಲು.”

ವೀರೇಶ್ ಹೇಳಿಕೆಯ ಕೆಳಗೆ ಸಹಿ ಮಾಡಿದರು. ಕೊಟ್ರಯ್ಯ ಅವನನ್ನು ಲಾಕಪ್ಪಿನತ್ತ ನಡೆಸಿಕೊಂಡು ಹೋದ. ಬಾಗಿಲಲ್ಲಿ ಗಾದಿಲಿಂಗ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಕಾಲಿಟ್ಟ. ಆ ಕಾಲುಗಳನ್ನು ಕೊನೆಯದಾಗಿ ಮುಟ್ಟಿದವನು ತಾನೇ ಎಂಬುದು ಕೊಟ್ರಯ್ಯನಿಗೆ ನೆನಪಾಯಿತು. ಅವನು ಬೀಗ ಹಾಕಿ, ಚಪ್ಪಲಿಗಳನ್ನು ಜೋಡಿಸಿ ಗೋಡೆಯ ಬದಿಗೆ ಇಟ್ಟ.